ಎಕ್ಸ್‌ರೇ ಕೋಣೆಯ ಲೆಕ್ಕ ಯಾರ ಹತ್ತಿರ ಇದೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ಮಾನ್ಯ ಅಧ್ಯಕ್ಷರು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಮುಂಬೈ

ವಿಷಯ: ತಾಲೂಕು ಮಟ್ಟದ ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್ ಕೋಣೆಗಳಲ್ಲಿ ಕೆಲಸಗಾರರ, ರೋಗಿಗಳ ಮೈಗೆ ಬೀಳುವ ವಿಕಿರಣದ ಲೆಕ್ಕ ಇಡುವ ಬಗ್ಗೆ.

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯವನು. ಎಕ್ಸ್‌ರೇ ಟೆಕ್ನಿಷಿಯನ್. ಡಿಪ್ಲೊಮಾ ಮುಗಿಸಿದಾಗಿನಿಂದ ಬೇರೆ ಬೇರೆ ತಾಲೂಕುಗಳ ಖಾಸಗಿ ನರ್ಸಿಂಗ್ ಹೋಮ್, ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ದುಡಿದಿದ್ದೇನೆ. ಈಗಲೂ ಇದೇ ಕೆಲಸದಲ್ಲಿದ್ದೇನೆ. ಹೆಸರು ಹಾಕದೆ ಯಾಕೆ ಬರೆಯುತ್ತಿದ್ದೇನೆ ಎನ್ನುವುದನ್ನು ತಾವೇ ಊಹಿಸಬಹುದು. ನಮ್ಮ ಕಡೆ ಆಸ್ಪತ್ರೆ ನಡೆಸುವವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಒಂದು ಕಡೆ ಕೆಲಸ ಹೋದರೆ ಇನ್ನೊಂದು ಕಡೆ ಸಿಗುವುದಿಲ್ಲ. ಆಸ್ಪತ್ರೆಗಳ ಹೆಸರನ್ನೂ ಬಿಟ್ಟಿದ್ದೇನೆ. ಒಬ್ಬಿಬ್ಬರನ್ನು ಹಿಡಿದು ದಂಡ ಹಾಕಿದರೆ ಸರಿಹೋಗುವ ವಿಷಯ ಇದಲ್ಲ.

ನಮ್ಮ ಕೆಲಸದಲ್ಲಿ ಎದೆ ಮೇಲೆ ಒಂದು ಬ್ಯಾಡ್ಜ್ ಹಾಕಬೇಕು. ಟಿಎಲ್‌ಡಿ ಬ್ಯಾಡ್ಜ್ ಅನ್ನುತ್ತೇವೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಪುಟ್ಟ ಬಿಲ್ಲೆಗಳು ಇರುತ್ತವೆ. ನಮ್ಮ ಮೈಗೆ ವಿಕಿರಣ ಬಿದ್ದಾಗ ಆ ಬಿಲ್ಲೆಗೂ ಬೀಳುತ್ತದೆ, ಅದರ ಶಕ್ತಿ ಸ್ವಲ್ಪ ಅದರಲ್ಲೇ ಉಳಿದುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿದರೆ ಅಲ್ಲಿ ಬಿಲ್ಲೆಯನ್ನು ಕಾಯಿಸುತ್ತಾರೆ. ಕಾದಾಗ ಅದು ಬೆಳಕು ಬಿಡುತ್ತದೆ. ಎಷ್ಟು ಬೆಳಕು ಬಂತು ಅನ್ನುವುದರ ಮೇಲೆ ಎಷ್ಟು ವಿಕಿರಣ ಬಿದ್ದಿದೆ ಅಂತ ಲೆಕ್ಕ ಹಾಕುತ್ತಾರೆ. ಆ ಅಂಕಿ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿರುವ ರಾಷ್ಟ್ರೀಯ ದಾಖಲೆಗೆ ಹೋಗಿ ನಮ್ಮ ಹೆಸರಿನ ಮುಂದೆ ಸೇರುತ್ತದೆ. ವ್ಯವಸ್ಥೆ ಚೆನ್ನಾಗಿದೆ. ಅದರಲ್ಲಿ ತಪ್ಪು ಹುಡುಕುವ ಹಾಗೆ ಏನೂ ಇಲ್ಲ.

ಆದರೆ ನಾನು ಕೆಲಸಕ್ಕೆ ಸೇರಿದ ಒಂದು ನರ್ಸಿಂಗ್ ಹೋಮಿನಲ್ಲಿ ಬ್ಯಾಡ್ಜುಗಳೆಲ್ಲ ರಿಸೆಪ್ಷನ್ ಟೇಬಲ್ಲಿನ ಡ್ರಾಯರಿನಲ್ಲಿದ್ದವು. ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ಕಟ್ಟಿಟ್ಟಿದ್ದರು. ಯಾಕೆ ಸಾರ್ ಅಂತ ಕೇಳಿದೆ. "ಕಳೆದು ಹಾಕಿದರೆ ದುಡ್ಡು ಯಾರು ಕಟ್ಟೋದು?" ಅಂದರು. ಮೂರು ತಿಂಗಳು ಮುಗಿದ ತಕ್ಷಣ ಡ್ರಾಯರಿನಿಂದಲೇ ಕೊರಿಯರ್‌ಗೆ ಹೋಗುತ್ತಿದ್ದವು. ರಿಪೋರ್ಟ್ ಯಾವಾಗಲೂ ಸೊನ್ನೆ. ಬಾರದೆ ಇನ್ನೇನು? ಡ್ರಾಯರಿಗೆ ಯಾರು ಎಕ್ಸ್‌ರೇ ಹೊಡೆಯುತ್ತಾರೆ? ಇನ್ನೊಂದು ಕಡೆ ನಾನು ಹಾಕಿಕೊಳ್ಳಬೇಕಾದ ಬ್ಯಾಡ್ಜಿನ ಮೇಲೆ ಬೇರೆಯವರ ಹೆಸರಿತ್ತು. ಅವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ನನ್ನ ಮೈಗೆ ಬಿದ್ದದ್ದು ಅವರ ಖಾತೆಗೆ ಹೋಗುತ್ತಿತ್ತು. ಅವರು ಈಗ ಎಲ್ಲಿದ್ದಾರೋ, ಅವರ ಲೆಕ್ಕ ಯಾವ ಬ್ಯಾಡ್ಜಿನಲ್ಲಿದೆಯೋ.

ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಒಂದು ಎದೆ ಎಕ್ಸ್‌ರೇಗೆ ರೋಗಿಗೆ ಬೀಳುವುದು 0.1 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ ಇದು) ಅಥವಾ ಅದಕ್ಕೂ ಕಡಿಮೆ. ಸುಮ್ನೆ ಭೂಮಿ ಮೇಲೆ ಬದುಕಿದ್ದಕ್ಕೇ ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಹಾಗಾಗಿ ಒಂದು ಎಕ್ಸ್‌ರೇ ತೆಗೆಸಿಕೊಳ್ಳಲು ಯಾರೂ ಹೆದರಬೇಕಿಲ್ಲ. ಡಾಕ್ಟರು ಬೇಕು ಅಂದರೆ ತೆಗೆಸಲೇಬೇಕು. ಮುರಿದ ಮೂಳೆಯನ್ನು ಕತ್ತಲಲ್ಲಿ ಕೂರಿಸಲು ಆಗುವುದಿಲ್ಲ. ಕಿದ್ವಾಯಿ ಆಸ್ಪತ್ರೆಯಲ್ಲಿ ಇದೇ ವಿಕಿರಣದಿಂದ ಎಷ್ಟು ಜನರ ಗೆಡ್ಡೆ ಕರಗಿಸಿ ಬದುಕಿಸಿದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ರೋಗಿ ಒಂದು ಸಲ ಬಂದು ಹೋಗುತ್ತಾನೆ. ನಾವು ದಿನವಿಡೀ ಅಲ್ಲೇ ಇರುತ್ತೇವೆ.

ವಿಕಿರಣ ಮೈಯೊಳಗೆ ಏನು ಮಾಡುತ್ತದೆ ಎನ್ನುವುದನ್ನು ನಮಗೆ ಡಿಪ್ಲೊಮಾದಲ್ಲೇ ಹೇಳಿಕೊಟ್ಟಿದ್ದಾರೆ. ಜೀವಕೋಶದಲ್ಲಿ ಜಾಸ್ತಿ ಇರುವುದು ನೀರು. ಎಕ್ಸ್‌ರೇ ಆ ನೀರನ್ನು ಒಡೆದು ಕೆರಳಿದ ಚೂರುಗಳನ್ನು ಹುಟ್ಟಿಸುತ್ತದೆ. ಅವು ಹೋಗಿ ಡಿಎನ್‌ಎ ದಾರವನ್ನು ಕಡಿಯುತ್ತವೆ. ಕೆಲವು ಸಲ ಕಿರಣ ತಾನೇ ನೇರವಾಗಿ ಹೊಡೆಯುತ್ತದೆ. ಕಡಿದದ್ದನ್ನು ಕೋಶ ತಾನೇ ಹೊಲಿದುಕೊಳ್ಳುತ್ತದೆ, ಬಹಳ ಸಲ ಸರಿಯಾಗಿಯೇ. ಹೊಲಿಯಲು ಆಗದಷ್ಟು ಹರಿದರೆ ಕೋಶ ಸಾಯುತ್ತದೆ. ಅಡ್ಡಾದಿಡ್ಡಿ ಹೊಲಿದುಕೊಂಡು ಬದುಕಿ ಉಳಿದರೆ ಮಾತ್ರ, ಹತ್ತಿಪ್ಪತ್ತು ವರ್ಷ ಬಿಟ್ಟು ಕ್ಯಾನ್ಸರ್ ಆಗುವ ಸಾಧ್ಯತೆ ಹುಟ್ಟುತ್ತದೆ. ಬೇಗ ಬೇಗ ಒಡೆದು ಬೆಳೆಯುವ ಕೋಶಗಳಿಗೆ ಪೆಟ್ಟು ಜಾಸ್ತಿ. ಮೂಳೆ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡ, ಹೊಟ್ಟೆಯಲ್ಲಿರುವ ಕೂಸು. ಮಕ್ಕಳ ವಿಷಯದಲ್ಲಿ ಎಚ್ಚರ ಅನ್ನುವುದು ಇದಕ್ಕೇ.

ಒಮ್ಮೆಲೇ ತುಂಬಾ ಬಿದ್ದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ದೇಶವೇ ನೋಡಿದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದವರು ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಹರಾಜು ಹಾಕಿದರು. ಅದರೊಳಗೆ ಕೋಬಾಲ್ಟ್-60 ಅನ್ನುವ ವಿಕಿರಣ ಸೂಸುವ ಲೋಹ ಇತ್ತು. ಮಾಯಾಪುರಿಯ ಗುಜರಿಯಲ್ಲಿ ಅದನ್ನು ಒಡೆದವರಿಗೆ, ಮುಟ್ಟಿದವರಿಗೆ ಚರ್ಮ ಕಪ್ಪಾಯಿತು, ಕೂದಲು ಉದುರಿತು, ರಕ್ತಕಣ ಕುಸಿಯಿತು. ಒಬ್ಬರು ಸತ್ತರು. ಅವರಿಗೆ ಯಾರಿಗೂ ಮುಟ್ಟುವಾಗ ಏನೂ ಗೊತ್ತಾಗಿರಲಿಲ್ಲ. ಬಿಸಿಯಿಲ್ಲ, ವಾಸನೆಯಿಲ್ಲ, ಶಬ್ದವಿಲ್ಲ.

ಸ್ವಲ್ಪ ಸ್ವಲ್ಪವೇ ಬಿದ್ದದ್ದರ ಕತೆ ಇನ್ನೂ ಹಳೆಯದು. ರಾಂಟ್‌ಜೆನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದು ಹೆಂಡತಿಯ ಕೈಯ ಚಿತ್ರ ತೆಗೆದರು. ಜಗತ್ತೆಲ್ಲ ಕುಣಿದಾಡಿತು. ಅಮೆರಿಕದಲ್ಲಿ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಯನ್ನೇ ಇಟ್ಟು ಟ್ಯೂಬುಗಳನ್ನು ಪರೀಕ್ಷಿಸುತ್ತಿದ್ದ. ಕೈಯಲ್ಲಿ ಹುಣ್ಣು ಬಂತು, ಕ್ಯಾನ್ಸರ್ ಆಯಿತು, ಎರಡೂ ಕೈ ಕತ್ತರಿಸಿದರು, 1904ರಲ್ಲಿ ತೀರಿಹೋದ. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟರು. ಡ್ಯಾಲಿ ಡಾಕ್ಟರಲ್ಲ, ವಿಜ್ಞಾನಿಯಲ್ಲ. ನಮ್ಮ ಹಾಗೆ ಯಂತ್ರದ ಪಕ್ಕ ನಿಲ್ಲುವವನು.

ಜೀವಿಗಳ ಮೇಲೆ ಇದರ ಕೈಚಳಕ ನೋಡಬೇಕಾದರೆ ಹೊಲಕ್ಕೇ ಹೋಗಬಹುದು. 1927ರಲ್ಲಿ ಮುಲ್ಲರ್ ಎಂಬ ವಿಜ್ಞಾನಿ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹೊಡೆದು, ಅವುಗಳ ಮರಿಗಳಲ್ಲಿ ಹೊಸ ಹೊಸ ಬದಲಾವಣೆ ಬರುವುದನ್ನು ತೋರಿಸಿದ. ಅದಕ್ಕೆ 1946ರಲ್ಲಿ ನೊಬೆಲ್ ಬಂತು. ಅದೇ ದಾರಿಯಲ್ಲಿ ಟ್ರಾಂಬೆಯವರು ಶೇಂಗಾ ಬೀಜಕ್ಕೆ ಕಿರಣ ಹಾಯಿಸಿ ತಳಿಗಳನ್ನು ಬೆಳೆಸಿದರು. ನಮ್ಮ ರೈತರು ಬಿತ್ತುವ ಟಿಎಜಿ-24 ಆ ವಂಶದ್ದೇ. ನಮ್ಮದು ಶೇಂಗಾ ಸೀಮೆ, ಅದಕ್ಕೇ ಹೇಳಿದೆ. ಅಲ್ಲಿ ಸಾವಿರಾರು ಗಿಡ ಕುರೂಪವಾಗಿ, ಬಂಜೆಯಾಗಿ, ಮುರುಟಿಕೊಂಡು ಬರುತ್ತವೆ. ಅವನ್ನೆಲ್ಲ ಕಿತ್ತು ಬಿಸಾಕಿ ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳುತ್ತಾರೆ. ಮನುಷ್ಯರಲ್ಲಿ ಹಾಗೆ ಆರಿಸಲು ಬರುತ್ತದೆಯೇ?

ಇನ್ನು ನಾನು ಕಣ್ಣಾರೆ ಕಂಡದ್ದಕ್ಕೆ ಬರುತ್ತೇನೆ.

ಎರಡು ವರ್ಷದ ಮಗುವನ್ನು ಎದೆ ಎಕ್ಸ್‌ರೇಗೆ ತರುತ್ತಾರೆ. ಮಗು ಅಳುತ್ತದೆ, ಒದೆಯುತ್ತದೆ, ಸ್ಟ್ಯಾಂಡಿನ ಮುಂದೆ ನಿಲ್ಲುವುದಿಲ್ಲ. ಯಾರಾದರೂ ಹಿಡಿದುಕೊಳ್ಳಲೇಬೇಕು. ನಿಯಮ ಸ್ಪಷ್ಟವಾಗಿದೆ. ಹಿಡಿಯುವವರು ಮಗುವಿನ ಕಡೆಯ ದೊಡ್ಡವರೇ ಆಗಿರಬೇಕು, ಅವರಿಗೆ ಸೀಸದ ಏಪ್ರನ್ ತೊಡಿಸಬೇಕು, ಸಿಬ್ಬಂದಿ ಹಿಡಿಯಬಾರದು. ಕಾರಣ ಸರಳ. ತಾಯಿ ಹಿಡಿಯುವುದು ಜೀವಮಾನದಲ್ಲಿ ಒಂದೆರಡು ಸಲ. ಸಿಬ್ಬಂದಿ ಹಿಡಿದರೆ ಪ್ರತಿ ದಿನ. ಆದರೆ ನಡೆಯುವುದು ಉಲ್ಟಾ. "ಆಯಮ್ಮನ್ನ ಕರೀರಿ, ಅವರಿಗೆ ಅಭ್ಯಾಸ ಇದೆ" ಅನ್ನುತ್ತಾರೆ. ಒಂದು ಆಸ್ಪತ್ರೆಯಲ್ಲಿ ಒಬ್ಬ ಆಯಮ್ಮನವರು ವರ್ಷಗಟ್ಟಲೆ ಹೀಗೆ ಮಕ್ಕಳನ್ನು, ಸೊಂಟ ಮುರಿದ ಅಜ್ಜಿಯರನ್ನು, ಕುಡಿದು ಬಿದ್ದು ಬಂದವರನ್ನು ಹಿಡಿದುಕೊಂಡು ನಿಂತರು. ಅವರಿಗೆ ಬ್ಯಾಡ್ಜ್ ಇರಲಿಲ್ಲ. ಆಯಾಗೆ ಯಾಕೆ ಬ್ಯಾಡ್ಜ್ ಎಂಬುದು ಆಡಳಿತದವರ ವಾದ. ನಾನು ಒತ್ತಾಯ ಮಾಡಿ ಏಪ್ರನ್ ಹಾಕಿಸಿದರೆ "ಭಾರ ಆಗ್ತದಪ್ಪ, ಭುಜ ಹಿಡಕೊಳ್ತದೆ" ಅಂತ ತೆಗೆದು ಹಾಕುತ್ತಿದ್ದರು. ಭಾರವೇ ಹೌದು. ಸೀಸ ಅಲ್ವಾ.

ಆಮೇಲೆ ಅವರಿಗೆ ಥೈರಾಯ್ಡ್ ಗೆಡ್ಡೆ ಆಯಿತು. ಎಕ್ಸ್‌ರೇಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಲು ನನಗೆ ಆಧಾರವಿಲ್ಲ. ಥೈರಾಯ್ಡ್ ಗೆಡ್ಡೆ ಹೆಂಗಸರಲ್ಲಿ ಹೇಗೂ ಜಾಸ್ತಿ. ಅವರ ಮಗ ಆಸ್ಪತ್ರೆಗೆ ಬಂದು ಕೇಳಿದಾಗ ಆಡಳಿತದವರು, "ಎಕ್ಸ್‌ರೇಯಿಂದ ಅಂತ ಏನು ಪ್ರೂಫ್ ಇದೆ?" ಅಂದರು. ಪ್ರೂಫ್ ಇರಲಿಲ್ಲ. ಆದರೆ ಎಕ್ಸ್‌ರೇಯಿಂದ ಅಲ್ಲ ಅನ್ನುವುದಕ್ಕೂ ಪ್ರೂಫ್ ಇರಲಿಲ್ಲ. ಬ್ಯಾಡ್ಜ್ ಕೊಡಬೇಕಾದವರು ಅವರೇ, ಕೊಡದೆ ಇದ್ದವರೂ ಅವರೇ. ಲೆಕ್ಕ ಇಡದೆ ಇದ್ದದ್ದು ಲೆಕ್ಕ ಇಡದವರಿಗೇ ಲಾಭ ಆಯಿತು. ಮಾನ್ಯರೇ, ಈ ಪತ್ರದ ದೂರು ಇಷ್ಟೇ.

ನಮ್ಮದೇ ರಾಜ್ಯದ ಇನ್ನೊಂದು ಜಾಗ ನೋಡಿ. ಉತ್ತರ ಕನ್ನಡದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಇದೆ. ಅದರ ಬಗ್ಗೆ ಜಗಳ, ಹೋರಾಟ, ಅನುಮಾನ ಎಲ್ಲ ಇದೆ. ಇರಲಿ. ಆದರೆ ಅಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯ ಇದೆ. ಸುತ್ತಲಿನ ಹಾಲು, ಮೀನು, ನೀರು, ಮಣ್ಣು ತಂದು ಅಳೆಯುತ್ತಾರೆ. ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. 2009ರ ನವೆಂಬರಿನಲ್ಲಿ ಕೆಲವು ಕೆಲಸಗಾರರ ಮೂತ್ರದಲ್ಲಿ ಟ್ರೀಶಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಜಾಸ್ತಿ ಕಂಡಿತು. ಹುಡುಕಿಕೊಂಡು ಹೋದರೆ ಕುಡಿಯುವ ನೀರಿನ ಕೂಲರ್‌ನಲ್ಲಿ ಯಾರೋ ಬೇಕೆಂದೇ ಟ್ರೀಶಿಯಂ ಇದ್ದ ನೀರು ಬೆರೆಸಿದ್ದರು. ದೇಶವೆಲ್ಲ ಸುದ್ದಿಯಾಯಿತು, ಎಲ್ಲರೂ ಕೈಗಾವನ್ನು ಬೈದರು. ನಾನು ಆ ಸುದ್ದಿಯನ್ನು ಬೇರೆ ಥರ ಓದಿದೆ. ಅಲ್ಲಿ ಅಳೆಯುತ್ತಿದ್ದರು, ಅದಕ್ಕೇ ಸಿಕ್ಕಿತು. ನಮ್ಮ ತಾಲೂಕಿನ ಎಕ್ಸ್‌ರೇ ಕೋಣೆಯಲ್ಲಿ ಇಷ್ಟು ವರ್ಷ ಏನೂ ಸಿಕ್ಕಿಲ್ಲ. ಯಾಕೆ ಸಿಕ್ಕಿಲ್ಲ ಅನ್ನುವುದನ್ನು ಡ್ರಾಯರಿನ ಕತೆಯಲ್ಲಿ ಹೇಳಿದೆನಲ್ಲ.

ಇದು ನಮ್ಮ ಊರಿನ ಹಣೆಬರಹ ಮಾತ್ರ ಅಲ್ಲ. 2012ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೊಟ್ಟ ವರದಿ ತಮಗೆ ನೆನಪಿರಬಹುದು. ದೇಶದಲ್ಲಿ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಿದ್ದವು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾಗಿದ್ದವು 5,270 ಮಾತ್ರ. ಅಂದರೆ ನೂರಕ್ಕೆ 91 ಘಟಕ ಲೆಕ್ಕದ ಹೊರಗೆ. ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತೆಗೆ ಒಂದು ನಿರ್ದೇಶನಾಲಯ ಬೇಕು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿತ್ತು. ಆ ವರದಿ ಬರುವ ಹೊತ್ತಿಗೆ ಅದು ಕೇರಳ, ಮಿಜೋರಂ ಎರಡರಲ್ಲಿ ಮಾತ್ರ ಇತ್ತು. ಆಮೇಲೆ ಇ-ಲೋರಾ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂತು. ನೋಂದಣಿ ಸುಧಾರಿಸಿತು, ಅದನ್ನು ಒಪ್ಪುತ್ತೇನೆ. ಆದರೆ ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ಸಿಗುತ್ತದೆ. ಬಾಗಿಲಿಗೆ ಸೀಸದ ಹಾಳೆ ಬಡಿದಿದ್ದಾರಾ, ಕೋಣೆ ಗೋಡೆ ಒಂಬತ್ತು ಇಂಚಿನದಾ ನಾಲ್ಕೂವರೆ ಇಂಚಿನದಾ, ಮೇಲಿನ ಕೆಂಪು ದೀಪ ಉರಿಯುತ್ತದಾ ಅನ್ನುವುದು ಮುಂಬೈಯಿಂದ ಕಾಣುವುದಿಲ್ಲ.

ಏಪ್ರನ್ ವಿಷಯ ಹೇಳುತ್ತೇನೆ. ಸೀಸದ ಏಪ್ರನ್ ಅನ್ನು ಮಡಚಬಾರದು, ಹ್ಯಾಂಗರಿಗೆ ನೇತು ಹಾಕಬೇಕು. ಮಡಚಿದರೆ ಒಳಗಿನ ಪದರ ಬಿರುಕು ಬಿಡುತ್ತದೆ. ಹೊರಗಿನ ಬಟ್ಟೆ ಮಾತ್ರ ಹೊಸದರ ಹಾಗೇ ಇರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಏಪ್ರನ್ ಸ್ಟೂಲಿನ ಮೇಲೆ ನಾಲ್ಕು ಮಡಿಕೆಯಾಗಿ ಬಿದ್ದಿರುತ್ತಿತ್ತು. ಅದರ ಮೇಲೇ ಕೂರುತ್ತಿದ್ದರು. ಒಂದು ದಿನ ರೋಗಿಗಳಿಲ್ಲದಾಗ ಅದನ್ನು ಟೇಬಲ್ ಮೇಲೆ ಹಾಸಿ, ಕೆಳಗೆ ಚಿತ್ರ ಮೂಡುವ ಕ್ಯಾಸೆಟ್ ಇಟ್ಟು, ಏಪ್ರನ್ನಿಗೇ ಒಂದು ಎಕ್ಸ್‌ರೇ ಹೊಡೆದೆ. ಸೀಸ ಸರಿಯಿದ್ದರೆ ಚಿತ್ರ ಬೆಳ್ಳಗೆ ಬರಬೇಕು. ಮಡಿಕೆ ಇದ್ದ ಕಡೆಯೆಲ್ಲ ಕಪ್ಪು ಗೆರೆಗಳು. ಸರಿಯಾಗಿ ಹೊಟ್ಟೆಯ ಹತ್ತಿರ ಬೆರಳು ತೂರುವಷ್ಟು ಅಗಲದ ಒಂದು ಕಪ್ಪು ಸೀಳು. ಆ ಚಿತ್ರವನ್ನು ಮಾಲೀಕರಿಗೆ ತೋರಿಸಿದೆ. "ಹೊಸದಕ್ಕೆ ಎಷ್ಟಾಗುತ್ತೆ?" ಅಂದರು. ಹೇಳಿದೆ. "ನೋಡೋಣ" ಅಂದರು. ನಾನು ಅಲ್ಲಿಂದ ಬಿಡುವ ತನಕ ಅದೇ ಏಪ್ರನ್ ಇತ್ತು.

ಹೊಟ್ಟೆ ಅಂದಾಗ ಬಸುರಿಯರ ಮಾತು ಬರುತ್ತದೆ. ಹಿರೋಷಿಮಾ, ನಾಗಾಸಾಕಿಯಲ್ಲಿ ಬಾಂಬ್ ಬಿದ್ದಾಗ ತಾಯಿ ಹೊಟ್ಟೆಯಲ್ಲಿದ್ದ ಕೆಲವು ಮಕ್ಕಳು ಸಣ್ಣ ತಲೆ, ಮಂದ ಬುದ್ಧಿ ಹೊತ್ತು ಹುಟ್ಟಿದರು. 8ರಿಂದ 15 ವಾರದ ನಡುವೆ ಇದ್ದವರಿಗೆ ಪೆಟ್ಟು ಹೆಚ್ಚು, ಮಿದುಳು ಕಟ್ಟಿಕೊಳ್ಳುವ ಹೊತ್ತು ಅದು. ಒಂದು ಸಾದಾ ಎಕ್ಸ್‌ರೇಯಲ್ಲಿ ಅಷ್ಟೊಂದು ಬೀಳುವುದಿಲ್ಲ, ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗೊತ್ತಿಲ್ಲದೆ ಎಕ್ಸ್‌ರೇ ಆಯಿತು ಅಂತ ಹೆದರಿ ಹೊಟ್ಟೆ ತೆಗೆಸಿಕೊಳ್ಳುವವರೂ ಇದ್ದಾರೆ, ಅದು ಬೇಕಿಲ್ಲದ ಕೆಲಸ. ಕೂಸಿಗೆ ಬಿದ್ದದ್ದು 100 ಮಿಲಿಗ್ರೇ (ಎಕ್ಸ್‌ರೇ ಲೆಕ್ಕದಲ್ಲಿ ಹೆಚ್ಚೂಕಡಿಮೆ 100 ಮಿಲಿಸೀವರ್ಟ್) ಒಳಗಿದ್ದರೆ ಅದಕ್ಕೆ ಕಾರಣವೇ ಇಲ್ಲ ಎಂದು ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಸಮಿತಿಯೇ ಹೇಳಿದೆ. ಹಾಗಂತ ಕೇಳದೆ ಹೊಡೆಯಬಾರದು. ನಾವು ಕೇಳಬೇಕು, ಅವರು ಹೇಳಬೇಕು.

ಕೇಳುವುದು ಹೇಗೆ ನಡೆಯುತ್ತದೆ ಗೊತ್ತಾ? ಮದುವೆಯಾಗಿ ಎರಡು ತಿಂಗಳಾದ ಹುಡುಗಿ ಸೊಂಟ ನೋವು ಅಂತ ಬಂದಿರುತ್ತಾಳೆ. ಜೊತೆಗೆ ಅತ್ತೆ, ಒಬ್ಬ ಮೈದುನ. ನಾನು ಗಂಡಸು. "ಏನಮ್ಮಾ, ದಿನ ನಿಂತಿದೆಯಾ?" ಅಂತ ಎಲ್ಲರ ಎದುರು ಕೇಳಿದರೆ ಆ ಹುಡುಗಿ ತಲೆ ತಗ್ಗಿಸಿ ಇಲ್ಲ ಅನ್ನುತ್ತಾಳೆ. ಇರಲಿ ಬಿಡಲಿ, ಇಲ್ಲ ಅಂತಲೇ ಅನ್ನುತ್ತಾಳೆ. ಇದಕ್ಕೇ ನಿಯಮದಲ್ಲಿ ಒಂದು ಉಪಾಯ ಇದೆ. ಗರ್ಭಿಣಿ ಇರಬಹುದು ಅನ್ನಿಸಿದರೆ ಮೊದಲೇ ತಿಳಿಸಿ ಎಂದು ಸ್ಥಳೀಯ ಭಾಷೆಯಲ್ಲಿ ಬೋರ್ಡ್ ಹಾಕಬೇಕು. ಕಾಯುವ ಬೆಂಚಿನ ಎದುರು ಆ ಬೋರ್ಡ್ ಇದ್ದರೆ ಅವಳು ಓದಿಕೊಂಡು ನರ್ಸ್ ಕಿವಿಯಲ್ಲಿ ಹೇಳುತ್ತಾಳೆ. ನಾನು ಕೆಲಸ ಮಾಡಿದ ಕಡೆ ಬೋರ್ಡ್ ಇರಲೇ ಇಲ್ಲ, ಇದ್ದರೆ ಮಷೀನ್ ಕಂಪನಿ ಕೊಟ್ಟ ಇಂಗ್ಲಿಷ್ ಸ್ಟಿಕ್ಕರ್.

ಇದೆಲ್ಲ ಆಗದ ಮಾತು ಅಂತ ದಯವಿಟ್ಟು ಹೇಳಬೇಡಿ. ಅದೇ ಕಟ್ಟಡದಲ್ಲಿ ಪಕ್ಕದ ಕೋಣೆಗೆ ಹೋಗಿ ನೋಡಿ. ಅದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೋಣೆ. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂದು ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಇರುತ್ತದೆ. ಪ್ರತಿ ಗರ್ಭಿಣಿಗೂ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಫಾರಂ ಎಫ್ ತುಂಬುತ್ತಾರೆ. ಮಷೀನ್ ಅತ್ತಿತ್ತ ಕದಲಿಸುವ ಹಾಗಿಲ್ಲ. ಅಧಿಕಾರಿಗಳು ಬರುತ್ತಾರೆ, ರಿಜಿಸ್ಟರ್ ತೆಗೆಸಿ ನೋಡುತ್ತಾರೆ, ತಪ್ಪಿದ್ದರೆ ಸೀಲ್ ಹಾಕುತ್ತಾರೆ. ಮಾಲೀಕರಿಗೆ ಆ ಕಾಯ್ದೆ ಅಂದರೆ ಭಯ. ಒಳ್ಳೆಯ ಕಾರಣಕ್ಕೆ ಬಂದ ಕಾಯ್ದೆ, ಭಯ ಇರಲೇಬೇಕು. ಆದರೆ ತಮಾಷೆ ನೋಡಿ, ಅಲ್ಟ್ರಾಸೌಂಡ್‌ನಲ್ಲಿ ಡಿಎನ್‌ಎ ಕಡಿಯುವ ವಿಕಿರಣವೇ ಇಲ್ಲ, ಬರೀ ಶಬ್ದದ ಅಲೆ. ವಿಕಿರಣ ಇರುವ ಕೋಣೆಗೆ ಯಾರೂ ಇಣುಕುವುದಿಲ್ಲ. ಸರ್ಕಾರ ಮನಸ್ಸು ಮಾಡಿದರೆ ತಾಲೂಕಿನ ಮೂಲೆಯ ಸ್ಕ್ಯಾನಿಂಗ್ ಸೆಂಟರನ್ನೂ ಸಾಲಿಗೆ ತರಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜನರನ್ನೂ ಒಂದು ಮಾತು ಕೇಳಬೇಕು. ನಮ್ಮ ಊರಿನ ಒಂದು ಬಡಾವಣೆಯವರು ಮೊಬೈಲ್ ಟವರ್ ಬೇಡ, ವಿಕಿರಣ ಬರುತ್ತದೆ ಎಂದು ಪುರಸಭೆಗೆ ಮನವಿ ಕೊಟ್ಟರು. ಟವರಿನ ಅಲೆಗೆ ಡಿಎನ್‌ಎ ಕಡಿಯುವ ಶಕ್ತಿ ಇಲ್ಲ. ಅದೇ ಬಡಾವಣೆಯವರು ಎಕ್ಸ್‌ರೇ ಕೋಣೆಯ ಅರ್ಧ ತೆರೆದ ಬಾಗಿಲ ಹತ್ತಿರ ಮಕ್ಕಳನ್ನು ಎತ್ತಿಕೊಂಡು ಒಳಗೆ ಇಣುಕುತ್ತಾ ನಿಲ್ಲುತ್ತಾರೆ. ದೂರ ಹೋಗಿ ಅಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಇನ್ನು ಕೆಲವರು ಎಕ್ಸ್‌ರೇ ಮುಗಿದ ಮೇಲೂ ಕೋಣೆಯಲ್ಲಿ ವಿಕಿರಣ ಉಳಿದಿರುತ್ತದೆ ಅಂತ ಮೂಗು ಮುಚ್ಚಿಕೊಂಡು ಓಡುತ್ತಾರೆ. ಹಾಗೇನೂ ಇಲ್ಲ, ಸ್ವಿಚ್ ಬಿಟ್ಟರೆ ಬಲ್ಬಿನ ಬೆಳಕು ಹೋದ ಹಾಗೆ ಅದೂ ಹೋಯಿತು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಜನರಿಗೆ ಹೇಳಬೇಕಾದವರು ಹೇಳಿಲ್ಲ.

ಸಿಟಿ ಸ್ಕ್ಯಾನ್ ಬಂದ ಮೇಲೆ ಈ ಲೆಕ್ಕ ಇನ್ನೂ ಮುಖ್ಯವಾಗಿದೆ. ಹೊಟ್ಟೆಯ ಒಂದು ಸಿಟಿಯಲ್ಲಿ 8ರಿಂದ 10 ಮಿಲಿಸೀವರ್ಟ್ ಬೀಳಬಹುದು. ನೈಸರ್ಗಿಕವಾಗಿ ಮೂರು ನಾಲ್ಕು ವರ್ಷದಲ್ಲಿ ಬೀಳುವಷ್ಟು. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿಗೆ, ಜನ ಕೆಮ್ಮಿಗೂ ಸಿಟಿ ಮಾಡಿಸಲು ಸಾಲು ನಿಂತಿದ್ದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರು ಒಂದು ಸಿಟಿ 300ರಿಂದ 400 ಎದೆ ಎಕ್ಸ್‌ರೇಗೆ ಸಮ ಎಂದರು. ರೇಡಿಯಾಲಜಿಸ್ಟ್‌ಗಳ ಸಂಘ ಅದು ಹಳೆಯ ಕಾಲದ ಲೆಕ್ಕ, ಈಗಿನ ಯಂತ್ರಗಳಲ್ಲಿ ತುಂಬಾ ಕಡಿಮೆ ಎಂದು ತಕರಾರು ತೆಗೆಯಿತು. ಟಿವಿಯಲ್ಲಿ ದಿನವಿಡೀ ವಾದ. ಸಿಟಿ ಕನ್ಸೋಲ್ ಮುಂದೆ ಕೂರುವ ನಮಗೆ ನಗು ಬಂತು. ಯಾವ ರೋಗಿಗೆ ಎಷ್ಟು ಡೋಸ್ ಹೋಯಿತು ಎಂದು ಯಂತ್ರವೇ ಪ್ರತಿ ಸಲ ಪರದೆ ಮೇಲೆ ತೋರಿಸುತ್ತದೆ. ಆ ಅಂಕಿಯನ್ನು ರಿಪೋರ್ಟಿನಲ್ಲಿ ಒಂದು ಸಾಲು ಪ್ರಿಂಟ್ ಮಾಡಿ ರೋಗಿಯ ಕೈಗೆ ಕೊಟ್ಟಿದ್ದರೆ ವಾದವೇ ಬೇಕಿರಲಿಲ್ಲ. ಇವತ್ತಿಗೂ ನಮ್ಮ ಕಡೆ ಕೊಡುವುದಿಲ್ಲ. ತಾಲೂಕಿನಲ್ಲಿ ಒಂದು ಸಿಟಿ, ಜಿಲ್ಲೆಗೆ ಹೋದರೆ "ಆ ಫಿಲಂ ಸರಿಯಿಲ್ಲ" ಅಂತ ಇನ್ನೊಂದು, ಬೆಂಗಳೂರಿನಲ್ಲಿ ಮತ್ತೊಂದು. ಮೂರನೆಯವರಿಗೆ ಮೊದಲಿನ ಎರಡರ ಡೋಸ್ ಗೊತ್ತಿರುವುದೇ ಇಲ್ಲ.

ಬಾಂಬಿನಿಂದ ಬದುಕುಳಿದ ಜಪಾನಿನ ಜನರನ್ನು 1950ರಿಂದ ಇವತ್ತಿನವರೆಗೆ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಸುಮಾರು 100 ಮಿಲಿಸೀವರ್ಟ್ ದಾಟಿದ ಮೇಲೆ ಕ್ಯಾನ್ಸರ್ ಸಾಧ್ಯತೆ ಏರುವುದು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಿಂತ ಕಡಿಮೆ ಇದ್ದಾಗ ಎಷ್ಟು ಅನ್ನುವುದರ ಬಗ್ಗೆ ತಜ್ಞರಲ್ಲೇ ಚರ್ಚೆ ಇದೆ. ಚರ್ಚೆ ಇರುವುದರಿಂದಲೇ ಕಾನೂನು ಎಚ್ಚರದ ಕಡೆ ವಾಲಿದೆ. ನಮ್ಮಂಥ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ಮಿತಿ ಏನೋ ಇದೆ. ಅಳೆಯದೆ ಇದ್ದರೆ ಮಿತಿ ದಾಟಿದ್ದು ಯಾರಿಗೆ ಗೊತ್ತಾಗಬೇಕು?

ಆದ್ದರಿಂದ ತಮ್ಮಿಬ್ಬರಲ್ಲೂ ನನ್ನ ಕೋರಿಕೆ ಇದು.

ಖಾಸಗಿ ಆಸ್ಪತ್ರೆಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ನವೀಕರಣಕ್ಕೆ ಜಿಲ್ಲಾ ಪ್ರಾಧಿಕಾರದ ಮುಂದೆ ಬರಲೇಬೇಕು. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಆ ಹೊತ್ತಿಗೆ ಮಂಡಳಿಯ ನೋಂದಣಿ ಪತ್ರ, ಎರಡು ವರ್ಷಕ್ಕೊಮ್ಮೆ ಆಗಬೇಕಾದ ಯಂತ್ರದ ಗುಣಮಟ್ಟ ಪರೀಕ್ಷೆಯ ವರದಿ, ಬ್ಯಾಡ್ಜ್ ಇರುವ ಸಿಬ್ಬಂದಿಯ ಪಟ್ಟಿ, ಇಷ್ಟನ್ನು ಕಡ್ಡಾಯವಾಗಿ ಕೇಳಿ. ಕೇಳಿ ಬಿಟ್ಟರೆ ಸಾಲದು. ಸ್ಕ್ಯಾನಿಂಗ್ ಕೋಣೆ ನೋಡಲು ಬರುವ ತಂಡವೇ ಪಕ್ಕದ ಎಕ್ಸ್‌ರೇ ಕೋಣೆಗೂ ಹತ್ತು ನಿಮಿಷ ಬರಲಿ. ಬಾಗಿಲು ಮುಚ್ಚಿ ನೋಡಲಿ, ದೀಪ ಹಾಕಿ ನೋಡಲಿ, ಏಪ್ರನ್ ಬಿಡಿಸಿ ಅದಕ್ಕೊಂದು ಎಕ್ಸ್‌ರೇ ಹೊಡೆಸಲಿ. ಟೆಕ್ನಿಷಿಯನ್ ಎದೆ ಮೇಲೆ ಬ್ಯಾಡ್ಜ್ ಇದೆಯಾ, ಅದರ ಮೇಲೆ ಅವನದೇ ಹೆಸರು ಇದೆಯಾ ನೋಡಲಿ. ಹೊಸ ಇಲಾಖೆ ಬೇಡ, ಹೊಸ ಜೀಪ್ ಬೇಡ.

ಬ್ಯಾಡ್ಜಿನ ವರದಿ ಮಾಲೀಕರ ಫೈಲಿಗೆ ಹೋಗುವುದರ ಜೊತೆಗೆ ನಮ್ಮ ಫೋನಿಗೂ ಬರುವ ಹಾಗೆ ಮಂಡಳಿ ಮಾಡಬೇಕು. ಬ್ಯಾಂಕಿನವರು ಹತ್ತು ರೂಪಾಯಿ ಕಡಿತವಾದರೂ ಮೆಸೇಜ್ ಕಳಿಸುತ್ತಾರೆ. ನನ್ನ ಮೈಗೆ ಎಷ್ಟು ಬಿತ್ತು ಎನ್ನುವ ಮೆಸೇಜ್ ನನಗೆ ಬರಬಾರದೇ? ವರ್ಷಗಟ್ಟಲೆ ಸೊನ್ನೆ ತೋರಿಸುವ, ಆದರೆ ದಿನಕ್ಕೆ ನೂರಾರು ಎಕ್ಸ್‌ರೇ ತೆಗೆಯುವ ಕೇಂದ್ರಗಳನ್ನು ಮಂಡಳಿಯೇ ಅನುಮಾನದಿಂದ ನೋಡಲಿ. ಕೆಲಸ ಬಿಡುವಾಗ ಪಿಎಫ್ ಕಾಗದದ ಜೊತೆ ಅಲ್ಲಿಯವರೆಗಿನ ಡೋಸ್ ಲೆಕ್ಕವೂ ಕೈಗೆ ಸಿಗಬೇಕು. ಆಪರೇಷನ್ ಥಿಯೇಟರಿನಲ್ಲಿ ಮೂಳೆ ಕೂರಿಸುವಾಗ ಎಕ್ಸ್‌ರೇ ಹಾಯಿಸಿ ಪರದೆ ಮೇಲೆ ಮೂಳೆ ತೋರಿಸುವ ಸಿ-ಆರ್ಮ್ ಯಂತ್ರದ ಪಕ್ಕ ನಿಲ್ಲುವ ನರ್ಸ್, ವಾರ್ಡ್ ಬಾಯ್, ಆಯಾ, ಇವರೆಲ್ಲ ಬ್ಯಾಡ್ಜಿನ ಪಟ್ಟಿಗೆ ಬರಬೇಕು. ಅಲ್ಲಿ ಕಿರಣ ರೋಗಿಯ ಮೈಗೆ ತಾಗಿ ಎಲ್ಲ ಕಡೆ ಚದುರುತ್ತದೆ, ಅದೂ ನಿಮಿಷಗಟ್ಟಲೆ. ಕಣ್ಣಿನ ಪೊರೆಗೆ ಅದೊಂದು ಕಾರಣ ಎಂದು ಗೊತ್ತಾದ ಮೇಲೆಯೇ ಅಂತಾರಾಷ್ಟ್ರೀಯ ಸಮಿತಿ 2011ರಲ್ಲಿ ಕಣ್ಣಿನ ಮಿತಿಯನ್ನು ವರ್ಷಕ್ಕೆ 150ರಿಂದ 20 ಮಿಲಿಸೀವರ್ಟ್‌ಗೆ ಇಳಿಸಲು ಹೇಳಿದ್ದು. ಡಾಕ್ಟರು ಸೀಸದ ಕನ್ನಡಕ ಹಾಕಿಕೊಂಡಿರುತ್ತಾರೆ, ಕಾಲು ಹಿಡಿದು ನಿಂತ ಹುಡುಗನಿಗೆ ಏನೂ ಇರುವುದಿಲ್ಲ.

ಕನ್ನಡ ಬೋರ್ಡನ್ನು ಇಲಾಖೆಯೇ ಅಚ್ಚು ಹಾಕಿಸಿ ಕಳಿಸಲಿ, ಸ್ಕ್ಯಾನಿಂಗ್ ಬೋರ್ಡಿನಷ್ಟೇ ದೊಡ್ಡದಾಗಿ. ಸಿಟಿ ರಿಪೋರ್ಟಿನಲ್ಲಿ ಡೋಸ್ ಅಂಕಿ ಬರೆಯುವುದನ್ನು ಮೊದಲು ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಶುರು ಮಾಡಿಸಿ. ಅಲ್ಲಿ ಆದರೆ ಖಾಸಗಿಯವರು ಆಗಲ್ಲ ಅನ್ನಲು ಬರುವುದಿಲ್ಲ.

ಕೊನೆಯದಾಗಿ, ಇಂಥದ್ದನ್ನು ತಿಳಿಸುವ ಕೆಲಸಗಾರರ ಹೆಸರು ಗುಟ್ಟಾಗಿಡುವ ಒಂದು ದಾರಿ ಬೇಕು. ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟರೆ ಸಂಜೆಯೊಳಗೆ ಮಾಲೀಕರಿಗೆ ಗೊತ್ತಾಗುತ್ತದೆ ಎನ್ನುವ ಮಾತು ನಮ್ಮಲ್ಲಿದೆ. ಅದು ಸುಳ್ಳು ಎಂದು ತಾವು ತೋರಿಸಿಕೊಟ್ಟರೆ, ಯಾವ ಊರು, ಯಾವ ಕೋಣೆ, ಯಾವ ಡ್ರಾಯರು ಎಂದು ನನ್ನ ಹೆಸರು, ಸಹಿ ಹಾಕಿಯೇ ಬರೆದುಕೊಡುತ್ತೇನೆ. ಏಪ್ರನ್ನಿನ ಆ ಎಕ್ಸ್‌ರೇ ಇನ್ನೂ ನನ್ನ ಹತ್ತಿರ ಇದೆ, ಅದನ್ನೂ ಲಗತ್ತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಎಕ್ಸ್‌ರೇ ಟೆಕ್ನಿಷಿಯನ್
ಚಿತ್ರದುರ್ಗ ಜಿಲ್ಲೆ